ಸೂಜಿ ಚುಚ್ಚುವ ಮೊದಲು ಮಗುವಿನ ಕಾಲಿನ ಹೆಬ್ಬೆರಳು ನೋಡಿ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ, ಇಲ್ಲಿನ ಮೆಡಿಕಲ್ ಕಾಲೇಜುಗಳ ಮುಖ್ಯಸ್ಥರಿಗೆ, ಮಕ್ಕಳನ್ನು ನೋಡುವ ಎಲ್ಲ ಡಾಕ್ಟರು ಮತ್ತು ನರ್ಸುಗಳಿಗೆ,

ಮಾನ್ಯರೇ,

ನಮಸ್ಕಾರ. ನಾನು ಕಾಪು ತಾಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನನಗಿರುವುದು ಒಬ್ಬನೇ ತಮ್ಮ. ಅವನಿಗೀಗ 24 ವರ್ಷ. ಅವನ ಮೈಯೊಳಗೆ ಎಲುಬು ಬೆಳೆಯುತ್ತಿದೆ. ಬೆಳೆಯಬಾರದ ಜಾಗದಲ್ಲಿ ಬೆಳೆಯುತ್ತಿದೆ. ಮಾಂಸಖಂಡ ಇದ್ದಲ್ಲಿ, ಮಾಂಸವನ್ನು ಎಲುಬಿಗೆ ಕಟ್ಟುವ ನಾರು ಇದ್ದಲ್ಲಿ, ಗಟ್ಟಿ ಎಲುಬು ಕೂರುತ್ತಿದೆ. ಒಮ್ಮೆ ಕೂತರೆ ಆ ಕೀಲು ಮತ್ತೆ ಆಡುವುದಿಲ್ಲ. ಈ ಕಾಯಿಲೆಯ ಹೆಸರು ಫೈಬ್ರೋಡಿಸ್‌ಪ್ಲೇಸಿಯಾ ಆಸಿಫಿಕನ್ಸ್ ಪ್ರೊಗ್ರೆಸಿವಾ. ಚಿಕ್ಕದಾಗಿ ಎಫ್‌ಓಪಿ.

ಹಣ ಕೇಳಲು ಈ ಪತ್ರ ಬರೆಯುತ್ತಿಲ್ಲ. ಅವನನ್ನು ವಾಸಿ ಮಾಡಿಕೊಡಿ ಎಂದೂ ಕೇಳುತ್ತಿಲ್ಲ, ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ ಅನ್ನುವುದು ನಮಗೆ ಗೊತ್ತು. ಆದರೆ ತಮ್ಮನ ಮೈ ಇಷ್ಟು ಬೇಗ ಕಟ್ಟಿಕೊಳ್ಳಬೇಕಾಗಿರಲಿಲ್ಲ. ಅವನನ್ನು ನೋಡಿದವರು ಅವನ ಪಾದವನ್ನೂ ನೋಡಿದ್ದರೆ ಕೆಲವು ವರ್ಷಗಳಾದರೂ ಅವನಿಗೆ ಉಳಿಯುತ್ತಿದ್ದವು. ಅದನ್ನು ಹೇಳಲು ಬರೆಯುತ್ತಿದ್ದೇನೆ.

ತಮ್ಮ ಹುಟ್ಟಿದ್ದು 2001ರಲ್ಲಿ. ತೊಟ್ಟಿಲಲ್ಲಿ ಮಲಗಿಸಿದಾಗಲೇ ಅಜ್ಜಿ ಗಮನಿಸಿದ್ದರು. ಎರಡೂ ಕಾಲಿನ ಹೆಬ್ಬೆರಳು ಗಿಡ್ಡ. ತುದಿ ಒಳಕ್ಕೆ ಬಾಗಿ ಪಕ್ಕದ ಬೆರಳಿನ ಕಡೆ ವಾಲಿಕೊಂಡಿತ್ತು. ಅಮ್ಮ ಕೇಳಿದ್ದಕ್ಕೆ ಆಗಿನ ನರ್ಸ್ "ಎಂತ ಇಲ್ಲ, ಬೆರಳು ಸ್ವಲ್ಪ ಸಣ್ಣ ಉಂಟು, ದೊಡ್ಡವನಾಗುವಾಗ ಸರಿಯಾಗ್ತದೆ" ಅಂದರಂತೆ. ಅಜ್ಜಿ ದಿನಾ ತೆಂಗಿನೆಣ್ಣೆ ಹಚ್ಚಿ ಆ ಬೆರಳನ್ನು ನೀವುತ್ತಿದ್ದರು. ಅದು ನೆಟ್ಟಗಾಗಲಿಲ್ಲ. ಅವನು ಎಲ್ಲ ಮಕ್ಕಳ ಹಾಗೆ ಅಂಬೆಗಾಲಿಡಲೂ ಇಲ್ಲ. ಕೂತಲ್ಲಿಂದಲೇ ಜಾರಿಕೊಂಡು ಮನೆ ತುಂಬ ಓಡಾಡುತ್ತಿದ್ದ, ನಾವು ನಗುತ್ತಿದ್ದೆವು. ಅವನ ಕುತ್ತಿಗೆ ಹುಟ್ಟಿನಿಂದಲೇ ಬಿಗಿ ಇತ್ತು, ತಲೆ ಎತ್ತಿ ಅಂಬೆಗಾಲಿಡುವುದು ಅವನಿಗೆ ಕಷ್ಟವಾಗಿತ್ತು ಅಂತ ಎಷ್ಟೋ ವರ್ಷದ ಮೇಲೆ ತಿಳಿಯಿತು.

ಈ ಕಾಯಿಲೆ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಇಂಥದೇ ಹೆಬ್ಬೆರಳಿನೊಂದಿಗೆ ಹುಟ್ಟುತ್ತಾರೆ. ಉಳಿದಂತೆ ಮಗು ಚೆನ್ನಾಗಿಯೇ ಇರುತ್ತದೆ. ಸಾಮಾನ್ಯವಾಗಿ ಹತ್ತು ವರ್ಷ ತುಂಬುವುದರೊಳಗೆ ಮೊದಲ ಊತ ಬರುತ್ತದೆ. ಅಂದರೆ ಕಾಯಿಲೆ ಮೈಮೇಲೆ ಬರುವುದಕ್ಕೆ ವರ್ಷಗಳ ಮೊದಲೇ ಅದರ ಗುರುತು ಪಾದದಲ್ಲಿ ಕಾಣುತ್ತಿರುತ್ತದೆ. ಅದನ್ನು ನೋಡಲು ಮೆಷಿನ್ ಬೇಡ, ಸಾಕ್ಸ್ ತೆಗೆದರೆ ಸಾಕು.

2006ರಲ್ಲಿ ತಮ್ಮನಿಗೆ ಐದು ವರ್ಷ. ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬೆನ್ನಡಿಯಾಗಿ ಬಿದ್ದ. ನಾಲ್ಕು ದಿನದಲ್ಲಿ ಬೆನ್ನಿನ ಮೇಲ್ಭಾಗ ಊದಿ ಗಡ್ಡೆಯಾಯಿತು. ಮುಟ್ಟಿದರೆ ಬಿಸಿ. ಅಂಗಿ ಹಾಕಿಸಲು ಬಿಡುತ್ತಿರಲಿಲ್ಲ. ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕ್ಯಾನ್ಸರ್ ಗಡ್ಡೆ ಇರಬಹುದು, ತುಂಡು ತೆಗೆದು ನೋಡಬೇಕು ಅಂದರು. ಅಪ್ಪ ಅಮ್ಮನಿಗೆ ಆ ಶಬ್ದ ಕೇಳಿಯೇ ಕೈಕಾಲು ಬಿದ್ದುಹೋಯಿತು. ಎಲ್ಲದಕ್ಕೂ ಸಹಿ ಹಾಕಿದರು.

ನನಗಾಗ ಹನ್ನೊಂದು ವರ್ಷ. ಅವತ್ತು ಅವನ ಚಪ್ಪಲಿ ನನ್ನ ಕೈಯಲ್ಲಿತ್ತು. ಬೆರಳು ಸಿಕ್ಕಿಸುವ ಚಪ್ಪಲಿ ಅವನ ಕಾಲಲ್ಲಿ ನಿಲ್ಲುತ್ತಿರಲಿಲ್ಲ, ಅದಕ್ಕೆ ಅಪ್ಪ ಹಿಂದೆ ಬೆಲ್ಟ್ ಇರುವ ನೀಲಿ ಚಪ್ಪಲಿ ತಂದುಕೊಟ್ಟಿದ್ದರು. ಬೆಡ್ ಮೇಲೆ ಅವನನ್ನು ಬೋರಲು ಮಲಗಿಸಿದ್ದರು. ಹಸಿರು ಬಟ್ಟೆಯ ಆಚೆ ಎರಡು ಪಾದ ಬರಿದಾಗಿ ಹೊರಗಿತ್ತು. ದೊಡ್ಡ ಡಾಕ್ಟರು, ಚಿಕ್ಕ ಡಾಕ್ಟರು, ನರ್ಸು, ಸ್ಟ್ರೆಚರ್ ತಳ್ಳುವವರು, ಎಲ್ಲರೂ ಆ ಪಾದದ ಪಕ್ಕದಲ್ಲೇ ಓಡಾಡಿದರು. ಯಾರೂ ಅದನ್ನು ನೋಡಲಿಲ್ಲ.

ತುಂಡು ತೆಗೆದರು. ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅಲ್ಲ ಅಂತ ಬಂತು, ಮತ್ತೇನು ಅಂತ ಬರಲಿಲ್ಲ. ನಾವು ತೆಂಗಿನಕಾಯಿ ಒಡೆದು ಹರಕೆ ತೀರಿಸಿದೆವು. ಆದರೆ ಕೊಯ್ದ ಜಾಗದ ಸುತ್ತ ಮತ್ತೆ ಊತ ಬಂತು, ಈ ಸಲ ಅಗಲವಾಗಿ. ಆಮೇಲೆ ಊತ ಇಳಿಯಿತು, ಕೆಳಗೆ ಗಟ್ಟಿ ಉಳಿಯಿತು. ದೀಪಾವಳಿ ಹೊತ್ತಿಗೆ ಅವನಿಗೆ ಬಗ್ಗಿ ದುರ್ಸು ಹಚ್ಚಲು ಆಗಲಿಲ್ಲ. ಅವನ ಬೆನ್ನಿನ ಮೇಲೆ ಕೈ ಆಡಿಸಿದರೆ ಬಾಗಿಲ ಚೌಕಟ್ಟಿನ ಅಂಚು ಮುಟ್ಟಿದ ಹಾಗೆ ಇರುತ್ತಿತ್ತು.

ಈ ಕಾಯಿಲೆಯಲ್ಲಿ ಪೆಟ್ಟು ಬಿದ್ದಲ್ಲಿ, ಮಾಂಸಕ್ಕೆ ಸೂಜಿ ಹೋದಲ್ಲಿ, ಕೊಯ್ದಲ್ಲಿ ಮೈ ಗಾಯ ಮಾಯಿಸುವ ಬದಲು ಎಲುಬು ಕಟ್ಟುತ್ತದೆ. ಬೆಳೆದ ಎಲುಬನ್ನು ಆಪರೇಷನ್ ಮಾಡಿ ತೆಗೆದರೆ ಮತ್ತೆ ಬೆಳೆಯುತ್ತದೆ, ಮೊದಲಿಗಿಂತ ಜಾಸ್ತಿ. ಅದಕ್ಕೇ ಈ ಕಾಯಿಲೆಯಲ್ಲಿ ಬಯಾಪ್ಸಿ, ಅಂದರೆ ತುಂಡು ತೆಗೆದು ನೋಡುವ ಪರೀಕ್ಷೆ, ಮಾಡಬಾರದು. ಇದು ನಮ್ಮ ಮನೆಯೊಂದರ ಕಥೆ ಅಲ್ಲ. 25 ದೇಶಗಳ 138 ರೋಗಿಗಳನ್ನು ಕೇಳಿ ಮಾಡಿದ ಒಂದು ಸಮೀಕ್ಷೆ 2005ರಲ್ಲಿ ಪ್ರಕಟವಾಗಿತ್ತು. ನೂರಕ್ಕೆ 87 ಮಂದಿಗೆ ಮೊದಲು ಬೇರೆ ಯಾವುದೋ ಕಾಯಿಲೆಯ ಹೆಸರು ಹೇಳಿದ್ದರು. ನೂರಕ್ಕೆ 67 ಮಂದಿಗೆ ಬೇಡದ ಕೊಯ್ತ, ಚುಚ್ಚು ಆಗಿತ್ತು. ಸುಮಾರು ಅರ್ಧದಷ್ಟು ಜನ ಅದರಿಂದಲೇ ಶಾಶ್ವತವಾಗಿ ಓಡಾಟ ಕಳೆದುಕೊಂಡಿದ್ದರು. ತಮ್ಮನ ಬೆನ್ನು ಕೊಯ್ಯುವ ಹಿಂದಿನ ವರ್ಷವೇ ಈ ಲೆಕ್ಕ ಡಾಕ್ಟರುಗಳ ಪತ್ರಿಕೆಯಲ್ಲಿ ಇತ್ತು.

ಇನ್ನೊಂದು ಮಾತು ನನ್ನನ್ನು ಈಗಲೂ ಕಾಡುತ್ತದೆ. 2006ರ ಏಪ್ರಿಲ್‌ನಲ್ಲಿ, ಅವನು ಬೀಳುವುದಕ್ಕೆ ಕೆಲವೇ ತಿಂಗಳ ಮೊದಲು, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಐಲೀನ್ ಶೋರ್, ಫ್ರೆಡರಿಕ್ ಕಪ್ಲಾನ್ ಮತ್ತು ಅವರ ಸಂಗಡಿಗರು ಈ ಕಾಯಿಲೆಗೆ ಕಾರಣವಾದ ಜೀನ್ ಯಾವುದು ಅಂತ ಕಂಡುಹಿಡಿದಿದ್ದರು. ಎಸಿವಿಆರ್1 ಅಂತ ಅದರ ಹೆಸರು. ಎಲುಬು ಕಟ್ಟು ಅನ್ನುವ ಸಂದೇಶವನ್ನು ಜೀವಕೋಶಕ್ಕೆ ಮುಟ್ಟಿಸುವ ಬಾಗಿಲಿನಂಥ ಒಂದು ಪ್ರೋಟೀನ್ ಅದರಿಂದ ತಯಾರಾಗುತ್ತದೆ. ಹೆಚ್ಚಿನ ರೋಗಿಗಳಲ್ಲಿ ಆ ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅಷ್ಟಕ್ಕೇ ಆ ಬಾಗಿಲು, ತೆರೆಯಬಾರದ ಸಂದೇಶಕ್ಕೂ ತೆರೆದುಕೊಳ್ಳುತ್ತದೆ.

ಈ ವಿಷಯ ನಮಗೆ ಮೊದಲೇ ಗೊತ್ತಿದ್ದರೆ ಅಮ್ಮ ಅಷ್ಟು ಅಳುತ್ತಿರಲಿಲ್ಲ. ಸಾಮಾನ್ಯವಾಗಿ ಈ ಬದಲಾವಣೆ ಅಪ್ಪ ಅಮ್ಮನಿಂದ ಬಂದಿರುವುದಿಲ್ಲ, ಆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ನಮ್ಮ ಕಡೆ ಇಂಥದ್ದಕ್ಕೆ ಮೊದಲು ಬರುವ ಮಾತು ನಾಗದೋಷ, ಅಲ್ವಾ? ಆಶ್ಲೇಷಾ ಬಲಿ ಮಾಡಿಸಿದೆವು, ನಾಗಬನದಲ್ಲಿ ತಂಬಿಲ ಕೊಟ್ಟೆವು. ಅದರಿಂದ ಅಮ್ಮನ ಮನಸ್ಸಿಗೆ ಒಂದಷ್ಟು ಸಮಾಧಾನ ಸಿಕ್ಕಿತು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೊಟ್ಟೆಯಲ್ಲಿದ್ದಾಗ ಗ್ರಹಣದ ದಿನ ಹೊರಗೆ ಬಂದೆಯಾ, ಏನಾದರೂ ಕೊಯ್ದೆಯಾ ಅಂತ ನೆಂಟರು ಕೇಳಿದಾಗೆಲ್ಲ ಅಮ್ಮ ಕುಗ್ಗಿಹೋಗುತ್ತಿದ್ದರು. "ನಿಮ್ಮದೇನೂ ತಪ್ಪಿಲ್ಲಮ್ಮ" ಅಂತ ಡಾಕ್ಟರೊಬ್ಬರು ಹೇಳುವ ಹೊತ್ತಿಗೆ ಆರು ವರ್ಷ ಕಳೆದಿತ್ತು.

ಆ ಆರು ವರ್ಷದಲ್ಲಿ ನಾವೂ ತಪ್ಪು ಮಾಡಿದೆವು. ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋದೆವು, ಅವರು ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿದರು. ಆಮೇಲೆ ಫಿಸಿಯೋಥೆರಪಿ. ಬಿಗಿದ ಕೈಯನ್ನು ಎಳೆದು ಬಿಡಿಸಬೇಕು ಅಂದರು, ಎಳೆದರು. ಎರಡೂ ಸಲ ಹೊಸ ಊತ ಬಂತು. ಹತ್ತು ವರ್ಷ ಆಗುವಾಗ ಎಡಗೈ ಭುಜದ ಮೇಲೆ ಏಳುತ್ತಿರಲಿಲ್ಲ.

ಕಾಯಿಲೆಯ ಹೆಸರು ತಿಳಿದದ್ದು 2012ರಲ್ಲಿ. ಇನ್ನೂ ಓದುತ್ತಿದ್ದ ಒಬ್ಬ ಡಾಕ್ಟರಮ್ಮ ಬೆನ್ನಿನ ಎಕ್ಸ್‌ರೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಗ್ಗಿ ತಾವೇ ಅವನ ಸಾಕ್ಸ್ ತೆಗೆದರು. ಎರಡೂ ಹೆಬ್ಬೆರಳನ್ನು ಕೈಯಲ್ಲಿ ಹಿಡಿದುಕೊಂಡು "ಇದು ಹುಟ್ಟಿನಿಂದ ಹೀಗೇನಾ?" ಅಂತ ಕೇಳಿದರು. ಅಷ್ಟೇ. ರಕ್ತ ಪರೀಕ್ಷೆಗೆ ಬೆಂಗಳೂರಿಗೆ ಬರೆದುಕೊಟ್ಟರು, ಅವರು ಅಂದುಕೊಂಡಿದ್ದೇ ಬಂತು. ಪಾದ ನೋಡಲು ಅವರಿಗೆ ಹತ್ತು ಸೆಕೆಂಡು ಹಿಡಿದಿರಬಹುದು. ಅವರನ್ನು ನೆನೆಯದೆ ನಮ್ಮ ಮನೆಯಲ್ಲಿ ದಿನ ಹೋಗುವುದಿಲ್ಲ.

ಮುಂದೆ ಏನಾಗುತ್ತದೆ ಅಂತ ಅವರೇ ಬಿಡಿಸಿ ಹೇಳಿದ್ದರು. ಇದು ಮೇಲಿಂದ ಕೆಳಗೆ ಇಳಿಯುತ್ತದೆ. ಮೊದಲು ಕುತ್ತಿಗೆ, ಬೆನ್ನು, ಭುಜ. ಆಮೇಲೆ ಮೊಣಕೈ, ಸೊಂಟ, ಮೊಣಕಾಲು. ಕೆಲವರಿಗೆ ದವಡೆ. ಎಲ್ಲರಿಗೂ ಒಂದೇ ವೇಗ ಇರುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಏನೂ ಇಲ್ಲದೆ ಇದ್ದು, ಒಂದು ಜ್ವರ ಬಂದದ್ದೇ ನೆಪವಾಗಿ ಒಂದೇ ತಿಂಗಳಲ್ಲಿ ಒಂದು ಕೀಲು ಹೋಗಬಹುದು. ಏನೂ ಕಾರಣ ಇಲ್ಲದೆಯೂ ಹೋಗಬಹುದು. ಇಪ್ಪತ್ತರ ಆಸುಪಾಸಿನಿಂದ ಮೂವತ್ತರೊಳಗೆ ಹೆಚ್ಚಿನವರಿಗೆ ಗಾಲಿಕುರ್ಚಿ ಬೇಕಾಗುತ್ತದೆ. ಎದೆಗೂಡು ಬಿಗಿದು ಉಸಿರು ಪೂರ್ತಿ ಎಳೆದುಕೊಳ್ಳಲು ಆಗುವುದಿಲ್ಲ, ಹಾಗಾಗಿ ನೆಗಡಿಯೂ ನ್ಯುಮೋನಿಯಾಕ್ಕೆ ತಿರುಗುವ ಭಯ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯಲ್ಲಿ ಯಾರು ಸೀನಿದರೂ ಅಮ್ಮ ಅವರನ್ನು ಬೇರೆ ಕೋಣೆಗೆ ಕಳಿಸುವುದು ಅದಕ್ಕೇ. ಹೃದಯ, ನಾಲಿಗೆ, ಕಣ್ಣು ಹೊರಳಿಸುವ ಮಾಂಸ, ಹೊಟ್ಟೆ ಎದೆಯ ನಡುವಿನ ವಪೆ, ಇವಿಷ್ಟು ಎಲುಬಾಗುವುದಿಲ್ಲ. ತಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. "ಅಕ್ಕಾ, ಮಾತು ಉಳೀತದೆ, ನೋಟ ಉಳೀತದೆ" ಅಂದ. ಆಗ ಅವನಿಗೆ ಹನ್ನೊಂದು ವರ್ಷ.

ಹೆಸರು ಗೊತ್ತಾದ ಮೇಲೂ ತೊಂದರೆ ತಪ್ಪಲಿಲ್ಲ. 2014ರಲ್ಲಿ ಹಲ್ಲುನೋವು ಬಂತು. ಒಂದು ಕ್ಲಿನಿಕ್‌ಗೆ ಹೋದೆವು. ಕೆಳದವಡೆಯ ಒಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡಬಾರದು ಅಂತ ಕಾಗದ ತೋರಿಸಿದೆ. "ಸಣ್ಣ ಇಂಜೆಕ್ಷನ್ ಮಾರಾಯ್ರೆ, ಏನೂ ಆಗುವುದಿಲ್ಲ" ಅಂದರು. ನಾನು ಇನ್ನೂ ಗಟ್ಟಿಯಾಗಿ ಬೇಡ ಅನ್ನಬೇಕಿತ್ತು. ಎರಡು ತಿಂಗಳಲ್ಲಿ ದವಡೆ ಕಟ್ಟಿಕೊಂಡಿತು. ಈಗ ಅವನ ಹಲ್ಲುಗಳ ನಡುವೆ ನನ್ನ ಕಿರುಬೆರಳಿನಷ್ಟೇ ಸಂದು. ಗಂಜಿಯನ್ನು ಚೆನ್ನಾಗಿ ಕಿವುಚಿ ಕೊಡುತ್ತೇವೆ. ಮೀನು ಅಂದರೆ ಪ್ರಾಣ ಅವನಿಗೆ. ಬಂಗುಡೆಯ ಮುಳ್ಳು ಬಿಡಿಸಿ, ಸಾರಿನಲ್ಲಿ ಅರೆದು, ಚಿಕ್ಕ ಚಮಚದಲ್ಲಿ ಅಮ್ಮ ತಿನ್ನಿಸುತ್ತಾರೆ. ಒಂದು ಊಟಕ್ಕೆ ಮುಕ್ಕಾಲು ಗಂಟೆ.

ಹದಿನೆಂಟರಲ್ಲಿ ಸೊಂಟ ಹೋಯಿತು, ಇಪ್ಪತ್ತರಲ್ಲಿ ಗಾಲಿಕುರ್ಚಿ ಬಂತು. 2022ರಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಹೋದಾಗ ಆದದ್ದನ್ನು ಮಾತ್ರ ಬರೆದುಬಿಡುತ್ತೇನೆ. ಒಂದು ಕಚೇರಿಯಲ್ಲಿ ಮೂರು ಗಂಟೆ ಕಾದೆವು. ಕಾಯಿಲೆಯ ಹೆಸರು ಪಟ್ಟಿಯಲ್ಲಿಲ್ಲ ಅಂದರು. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ಎಫ್‌ಓಪಿ ಅಂತ ಪ್ರತ್ಯೇಕ ಹೆಸರಿಲ್ಲ ನಿಜ. ಆದರೆ ಕೈಕಾಲು ಆಡದಿರುವುದು ಚಲನ ವೈಕಲ್ಯ ಅಲ್ಲದೆ ಮತ್ತೇನು? ವಾದ ನಡೆಯುತ್ತಿದ್ದಾಗ ಒಬ್ಬರು ಬಂದು, ನಿಜವಾಗಿಯೂ ಏಳುವುದಿಲ್ಲವಾ ನೋಡುವ ಅಂತ, ಅವನ ಬಲ ಮೊಣಕೈ ಹಿಡಿದು ಎಳೆದರು. ತಮ್ಮ ಕೂಗಿಕೊಂಡ. ಮೂರನೇ ದಿನ ಅದೇ ಮೊಣಕೈ ಊದಿತು. ಆ ಕೈಯಲ್ಲಿ ಅವನು ಮೊಬೈಲ್ ಹಿಡಿಯುತ್ತಿದ್ದ, ತಲೆ ಬಾಚಿಕೊಳ್ಳುತ್ತಿದ್ದ. ಈಗ ಬಾಚಲು ಆಗುವುದಿಲ್ಲ. ಕೊನೆಗೆ ಪ್ರಮಾಣಪತ್ರ ಸಿಕ್ಕಿತು, ಎರಡು ವರ್ಷದ ಅವಧಿಗೆ. ಎರಡು ವರ್ಷದಲ್ಲಿ ಇವನಿಗೆ ಏನು ಗುಣವಾಗುತ್ತದೆ ಅಂದುಕೊಂಡಿರಬಹುದು ಅವರು?

ಮಾನ್ಯರೇ, ಇಲ್ಲಿಂದ ಮುಂದೆ ನನ್ನ ಕೋರಿಕೆ.

ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದವರ ಮನೆಗೆ 42 ದಿನದೊಳಗೆ ಆರು ಸಲ ಹೋಗುತ್ತಾರೆ. ಮಗುವಿನ ತೂಕ, ಉಷ್ಣ, ಹೊಕ್ಕುಳು ಎಲ್ಲ ನೋಡುತ್ತಾರೆ. ಕಾಲಿನ ಹೆಬ್ಬೆರಳನ್ನೂ ನೋಡಲು ಅವರಿಗೆ ಹೇಳಿಕೊಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಮ್ಮ ಶಾಲೆಗೂ ಬರುತ್ತದೆ. ಹಲ್ಲು, ಕಣ್ಣು, ಕಿವಿ, ಚರ್ಮ ನೋಡುತ್ತಾರೆ. ಮಕ್ಕಳು ಹೇಗೂ ಚಪ್ಪಲಿ ಹೊರಗೆ ಬಿಟ್ಟು ಸಾಲಾಗಿ ನಿಂತಿರುತ್ತಾರೆ, ಒಮ್ಮೆ ಕೆಳಗೆ ನೋಡಿದರೆ ಆಯಿತು. ಸೊಟ್ಟ ಹೆಬ್ಬೆರಳು ಇದ್ದವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ, ತಾಯಂದಿರು ಹೆದರುವುದು ಬೇಡ. ಅನುಮಾನ ಬಂದರೆ ಮಕ್ಕಳ ಡಾಕ್ಟರು ಒಮ್ಮೆ ನೋಡಲಿ, ಬೇಕಾದರೆ ಜೀನ್ ಪರೀಕ್ಷೆಗೆ ಬರೆಯಲಿ. ರಕ್ತನಾಳದಿಂದ ಜಾಗ್ರತೆಯಾಗಿ ರಕ್ತ ತೆಗೆಯುವುದಕ್ಕೆ ತೊಂದರೆ ಇಲ್ಲ.

ಹೆಬ್ಬೆರಳು ಹೀಗಿದ್ದು, ಬೆನ್ನಲ್ಲೋ ಕುತ್ತಿಗೆಯಲ್ಲೋ ಗಡ್ಡೆ ಬಂದ ಮಗು ನಿಮ್ಮ ಮುಂದೆ ಬಂದರೆ ದಯವಿಟ್ಟು ಕತ್ತರಿ ಕೆಳಗಿಡಿ. ಮಾಂಸಕ್ಕೆ ಇಂಜೆಕ್ಷನ್ ಕೊಡಬೇಡಿ. ಲಸಿಕೆಯೇ ಬೇಡ ಅಂತ ನಾನು ಹೇಳುತ್ತಿಲ್ಲ, ಬೇರೆ ಎಲ್ಲ ಮಕ್ಕಳಿಗೂ ಎಲ್ಲ ಲಸಿಕೆ ಹೊತ್ತಿಗೆ ಸರಿಯಾಗಿ ಬೀಳಬೇಕು, ನಾನೇ ಶಾಲೆಯಲ್ಲಿ ಹಿಂದೆ ಬಿದ್ದು ಹಾಕಿಸುತ್ತೇನೆ. ಈ ಮಕ್ಕಳಿಗೆ ಯಾವುದನ್ನು ಚರ್ಮದ ಅಡಿಗೆ ಕೊಡಬಹುದು, ಯಾವಾಗ ಕೊಡಬಹುದು ಅಂತ ತಿಳಿದವರನ್ನು ಕೇಳಿ ಕೊಡಿ. ಬಾಯಿ ತೆರೆಯದವರಿಗೆ ಅರಿವಳಿಕೆ ಕೊಡುವುದೂ ಬೇರೆಯೇ ತಯಾರಿ ಬೇಕಾದ ಕೆಲಸ, ತುರ್ತಿನಲ್ಲಿ ಬಾಯಿಯಿಂದ ನಳಿಕೆ ಇಳಿಸಲು ಹೊರಟರೆ ಅನಾಹುತ.

ದೊಡ್ಡ ಕೀಲೋ ದವಡೆಯೋ ಊದಿದರೆ ಮೊದಲ 24 ಗಂಟೆಯೊಳಗೆ ಶುರು ಮಾಡಿ ನಾಲ್ಕು ದಿನ ಸ್ಟೀರಾಯ್ಡ್ ಮಾತ್ರೆ ಕೊಡುವುದು ಈ ಕಾಯಿಲೆಯನ್ನು ಬಲ್ಲವರ ಕ್ರಮ. ಅದು ದುಬಾರಿ ಮಾತ್ರೆ ಅಲ್ಲ, ಎಲ್ಲ ಕಡೆ ಸಿಗುತ್ತದೆ. ಸಿಗದಿರುವುದು ಭಾನುವಾರ ರಾತ್ರಿ ಅದನ್ನು ಬರೆದುಕೊಡುವ ಕೈ. ತಜ್ಞರು ಮೊದಲೇ ಬರೆದುಕೊಟ್ಟ ಚೀಟಿ ನಮ್ಮಲ್ಲಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಿಡಿದು ಜಿಲ್ಲಾಸ್ಪತ್ರೆ ತನಕ ಎಲ್ಲಿ ತೋರಿಸಿದರೂ ಅದನ್ನು ಒಪ್ಪುವಂತೆ ಒಂದು ಸುತ್ತೋಲೆ ಕಳಿಸಿ. ಪಾಲೋವರೊಟೀನ್ ಅನ್ನುವ ಹೊಸ ಮಾತ್ರೆಗೆ ಕೆನಡಾದಲ್ಲಿ 2022ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದೂ ಹೊಸ ಎಲುಬು ಬೆಳೆಯುವುದನ್ನು ಕಡಿಮೆ ಮಾಡುತ್ತದೆಯೇ ಹೊರತು ಬೆಳೆದದ್ದನ್ನು ಕರಗಿಸುವುದಿಲ್ಲ, ಮತ್ತು ಬೆಳೆಯುವ ಮಕ್ಕಳ ಎತ್ತರವನ್ನೇ ನಿಲ್ಲಿಸುವ ಅಪಾಯ ಅದರಲ್ಲಿದೆ. ನಾವು ಅದಕ್ಕಾಗಿ ಕೂತಿಲ್ಲ. ನಮಗೆ ಬೇಕಾದ್ದು ನಾಲ್ಕು ದಿನದ ಆ ಹಳೆಯ ಮಾತ್ರೆ, ಹೊತ್ತಿಗೆ ಸರಿಯಾಗಿ.

ಪ್ರಮಾಣಪತ್ರದ ವಿಷಯ ಒಂದೇ ಮಾತಲ್ಲಿ ಹೇಳುತ್ತೇನೆ. ಮುಂದೆ ಹೋಗುವುದೇ ಹೊರತು ಹಿಂದೆ ಬರದ ಕಾಯಿಲೆ ಇದು, ಖಾಯಂ ಪ್ರಮಾಣಪತ್ರ ಕೊಡಿ, ಸಾಧ್ಯವಾದರೆ ಮನೆಗೇ ಬಂದು ನೋಡಿ. ಬಂದವರು ಎಕ್ಸ್‌ರೇ ನೋಡಲಿ, ಕಾಗದ ನೋಡಲಿ, ಅವನನ್ನೇ ಕೇಳಲಿ. ಎಳೆದು ನೋಡುವುದು ಬೇಡ.

ಇಷ್ಟೆಲ್ಲ ಇಬ್ಬರು ಮೂವರಿಗೋಸ್ಕರವಾ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹತ್ತು ಇಪ್ಪತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು. 2011ರ ಜನಗಣತಿಯಂತೆ ನಮ್ಮ ಎರಡೂ ಜಿಲ್ಲೆ ಸೇರಿದರೆ ಸುಮಾರು 33 ಲಕ್ಷ ಜನ. ಲೆಕ್ಕ ಹಾಕಿದರೆ ಇಬ್ಬರೋ ಮೂವರೋ ಬರುತ್ತಾರೆ. ಆದರೆ ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ, ಉತ್ತರ ಕನ್ನಡದಿಂದ, ಶಿವಮೊಗ್ಗ, ಚಿಕ್ಕಮಗಳೂರಿನಿಂದ ಜನ ಬರುತ್ತಾರೆ. ಇಲ್ಲಿ ಕಲಿತ ಡಾಕ್ಟರುಗಳು ದೇಶ ವಿದೇಶಕ್ಕೆ ಹೋಗುತ್ತಾರೆ. ಇಲ್ಲಿ ಒಬ್ಬರು ಪಾದ ನೋಡಲು ಕಲಿತರೆ ಎಲ್ಲೋ ಇರುವ ಯಾವುದೋ ಮಗುವಿನ ಬೆನ್ನು ಉಳಿಯುತ್ತದೆ.

ಅದಕ್ಕೇ ಮೆಡಿಕಲ್ ಕಾಲೇಜುಗಳವರಿಗೆ ಕೊನೆಯದೊಂದು ಮಾತು, ಇದು ತಮ್ಮನೇ ಬರೆಯಲು ಹೇಳಿದ್ದು. ಅಮೆರಿಕದಲ್ಲಿ ಹ್ಯಾರಿ ಈಸ್ಟ್‌ಲ್ಯಾಕ್ ಅಂತ ಒಬ್ಬರಿಗೆ ಇದೇ ಕಾಯಿಲೆ ಇತ್ತು. 1973ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಡಾಕ್ಟರುಗಳು ನೋಡಿ ಕಲಿಯಲಿ ಅಂತ ತಮ್ಮ ಅಸ್ಥಿಪಂಜರವನ್ನೇ ಕೊಟ್ಟುಹೋದರು, ಅದು ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿದೆ. ಆ ಚಿತ್ರವನ್ನು ನನ್ನ ತಮ್ಮ ಮೊಬೈಲ್‌ನಲ್ಲಿ ತುಂಬ ಹೊತ್ತು ನೋಡಿದ. "ನಾನು ಬದುಕಿದ್ದಾಗಲೇ ಹೋಗ್ತೇನೆ ಅಕ್ಕಾ" ಅಂದ.

ಅವನು ಬರಲು ಸಿದ್ಧ. ನಿಮ್ಮ ವಿದ್ಯಾರ್ಥಿಗಳ ಮುಂದೆ ಒಂದು ಗಂಟೆ ಇರುತ್ತಾನೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾನೆ. ಬೆಳಿಗ್ಗೆ 11ರ ನಂತರ ಆದರೆ ಒಳ್ಳೆಯದು, ಅಷ್ಟು ಹೊತ್ತಿಗೆ ಸ್ನಾನ, ತಿಂಡಿ ಮುಗಿದಿರುತ್ತದೆ. ಅವನ ಕುರ್ಚಿ ಪೂರ್ತಿ ನೆಟ್ಟಗೆ ನಿಲ್ಲುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಅದಕ್ಕೆ ಅಗಲವಾದ ಬಾಗಿಲು, ಮೆಟ್ಟಿಲಿಲ್ಲದ ದಾರಿ ಬೇಕು. ಕರೆದುಕೊಂಡು ಬರುವುದು ನನ್ನ ಜವಾಬ್ದಾರಿ, ಶಾಲೆಗೆ ರಜೆ ಹಾಕುತ್ತೇನೆ. ಅವತ್ತು ಕಾಲಿಗೆ ಸಾಕ್ಸ್ ಹಾಕಬೇಡ ಅಂತ ಅವನು ಈಗಲೇ ಹೇಳಿಟ್ಟಿದ್ದಾನೆ.

ಇತಿ,
ನಿಮ್ಮ ಉತ್ತರಕ್ಕೆ ಕಾಯುವ ಒಬ್ಬ ಅಕ್ಕ
ಕಾಪು ತಾಲೂಕು, ಉಡುಪಿ ಜಿಲ್ಲೆ